ಎದುರಿನವರು ತಲೆದೂಗುವ ತನಕ

ಆ ತತ್ವಜ್ಞಾನಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಸರು ಬರೆದ ಕೂಡಲೇ ಓದುವವರು ಎರಡು ಸಾಲಾಗಿ ನಿಂತುಬಿಡುತ್ತಾರೆ. ಆಮೇಲೆ ನಾನು ಏನು ಬರೆದರೂ ಅದು ಯಾವ ಸಾಲಿಗೆ ಸೇರಿದ್ದು ಎನ್ನುವುದೊಂದೇ ಅವರ ಪ್ರಶ್ನೆ. ಹೋದ ವರ್ಷ ಒಂದೇ ವಾರದಲ್ಲಿ ಕಲಿತ ಪಾಠ ಇದು. ಅವನು ಹೊರದೇಶದವನು, ಸತ್ತು ಬಹಳ ಕಾಲವಾಯಿತು ಎಂದಷ್ಟೇ ತಿಳಿದುಕೊಳ್ಳಿ.

ನನ್ನದು ದಾವಣಗೆರೆಯಲ್ಲಿ ಒಂದು ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ. ಮಹಡಿಗೆ ಹೋಗುವ ಮೆಟ್ಟಿಲ ಕೆಳಗಿನ ಜಾಗ. ಎರಡು ಮಿಷನ್, ಒಂದು ಕಂಪ್ಯೂಟರ್, ರೆಕ್ಸಿನ್ ಸುರುಳಿಗಳು, ಅಂಟಿನ ಡಬ್ಬಿ ಎಲ್ಲ ಇಟ್ಟ ಮೇಲೆ ಉಳಿದ ಮೂಲೆಯಲ್ಲಿ ನಾನು. ಬೆಳಿಗ್ಗೆ ಒಳಗೆ ಹೋಗಿ ಮುಂದಿನ ಹಲಗೆ ಹಾಕಿಕೊಂಡರೆ ಸಂಜೆಯ ತನಕ ಅಲ್ಲಿಯೇ. ನೆಟ್ಟಗೆ ಎದ್ದು ನಿಂತರೆ ಮೆಟ್ಟಿಲು ತಲೆಗೆ ಬಡಿಯುತ್ತದೆ, ಹಾಗಾಗಿ ಬಗ್ಗಿಯೇ ಏಳುವುದು ರೂಢಿಯಾಗಿದೆ. ಮನೆಯಲ್ಲೂ ಬಗ್ಗಿಯೇ ಏಳುತ್ತೇನೆ ಎಂದು ನನ್ನ ಗಂಡ ನಗುತ್ತಾರೆ. ಅವರು ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ತತ್ವಜ್ಞಾನಕ್ಕೂ ಅವರಿಗೂ ಯಾವ ಜಗಳವೂ ಇಲ್ಲ, ಪರಿಚಯವೂ ಇಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಲೈಬ್ರರಿಯ ಹಳೆಯ ಇಂಗ್ಲಿಷ್ ಪುಸ್ತಕ ತಂದು, ಪೂರ್ತಿ ಜೆರಾಕ್ಸ್ ಬೇಕು, ನಾಳೆಯೇ ವಾಪಸು ಕೊಡಬೇಕು ಎಂದಳು. ರಟ್ಟು ಕಿತ್ತುಬಂದಿತ್ತು. ಮೊದಲ ಪುಟವನ್ನು ಗಾಜಿನ ಮೇಲೆ ಬೋರಲು ಹಾಕುವಾಗ ಹೆಸರು ಕಂಡಿತು. ನಾನು ಬಿ.ಎ. ಓದುವಾಗ, ಇಪ್ಪತ್ತೇಳು ವರ್ಷದ ಹಿಂದೆ, ನನ್ನ ಗುರುಗಳು ಬಗಲಲ್ಲಿಟ್ಟುಕೊಂಡು ತರಗತಿಗೆ ತರುತ್ತಿದ್ದ ಪುಸ್ತಕ ಅದು. ಒಂದು ಪ್ರತಿ ಆಕೆಗೆ ತೆಗೆದೆ, ಇನ್ನೊಂದು ನನಗೆ. ಯಾರನ್ನೂ ಕೇಳಲಿಲ್ಲ. ಕಳ್ಳತನ ಅನ್ನುವುದಿದ್ದರೆ ಅನ್ನಿ. ನನ್ನ ಪ್ರತಿಗೆ ಕಪ್ಪು ರೆಕ್ಸಿನ್ ಹಾಕಿದೆ, ಬೆನ್ನಿನ ಮೇಲೆ ಹೆಸರು ಅಚ್ಚು ಹಾಕಲಿಲ್ಲ.

ಆ ಮನುಷ್ಯ ಕೇಳಿಸಿಕೊಳ್ಳುವುದರ ಬಗ್ಗೆ ಬರೆದವನು. ಬಾಯಿಗಿಂತ ಕಿವಿ ಮೊದಲು, ಎದುರಿಗಿರುವವನಿಗೆ ಕಿವಿ ಕೊಡದವನ ತಲೆಯಲ್ಲಿ ಯೋಚನೆ ಹುಟ್ಟುವುದೇ ಇಲ್ಲ ಎನ್ನುವುದು ಅವನ ಇಡೀ ಪುಸ್ತಕದ ಹುರುಳು. ಹಾಗೆ ಬರೆದವನೇ, ತನ್ನ ದೇಶದಲ್ಲಿ ಕೆಟ್ಟ ಆಳ್ವಿಕೆ ಬಂದಾಗ, ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದ ಗೆಳೆಯನ ಮೇಲೆ ದೂರು ಹೇಳಿ ಆಳುವವರಿಗೆ ಪತ್ರ ಬರೆದ. ಗೆಳೆಯನ ಕೆಲಸ ಹೋಯಿತು, ಆಮೇಲೆ ದೇಶವೂ ಬಿಡಬೇಕಾಯಿತು. ಆ ಆಳ್ವಿಕೆ ಮುಗಿದ ಮೇಲೂ ಇವನು ಬಹಳ ವರ್ಷ ಬದುಕಿದ್ದ, ಪುಸ್ತಕದ ಮೇಲೆ ಪುಸ್ತಕ ಬರೆದ. ಆ ಪತ್ರದ ಬಗ್ಗೆ ಒಂದು ಸಾಲು ಬರೆಯಲಿಲ್ಲ, ಗೆಳೆಯನಿಗೆ ಒಂದು ಮಾತು ಹೇಳಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಅವನನ್ನು ಓದಬೇಕೋ ಬೇಡವೋ ಎಂದು ತಿಳಿದವರು ಈಗಲೂ ಕಿತ್ತಾಡುತ್ತಾರೆ.

ಅವನನ್ನು ನನಗೆ ಓದಿಸಿದ ಗುರುಗಳು ಹರಿಹರದವರು. ಮುಸ್ಲಿಂ ಮನೆತನ, ಅವರ ತಂದೆ ಬಜಾರಿನಲ್ಲಿ ಬೀಗ ರಿಪೇರಿ ಮಾಡುತ್ತಿದ್ದರು. ಮನೆಯಲ್ಲಿ ಉರ್ದು, ಹೊರಗೆ ನಮ್ಮದೇ ಕನ್ನಡ, ತರಗತಿಯಲ್ಲಿ ಸಂಸ್ಕೃತದ ತರ್ಕ. ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಬಂದು ನಮಗೆ ಪಾಠ ಹೇಳುತ್ತಿದ್ದರು. ನಾವು ಇದ್ದದ್ದೇ ಒಂಬತ್ತು ಜನ. ಅವರದೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ನಮ್ಮ ಹಳೆಯ ತಾರ್ಕಿಕರು ಯಾರನ್ನಾದರೂ ಖಂಡಿಸುವ ಮೊದಲು ಆತನ ವಾದವನ್ನು ತಾವೇ ಪೂರ್ತಿಯಾಗಿ ಹೇಳುತ್ತಿದ್ದರಲ್ಲ, ಪೂರ್ವಪಕ್ಷ ಅನ್ನುತ್ತಾರೆ ಅದಕ್ಕೆ, ಅದನ್ನು ಅವರು ನಮ್ಮ ಕೈಲಿ ನಿಂತು ಮಾಡಿಸುತ್ತಿದ್ದರು. ಇಬ್ಬರನ್ನು ಎದುರಾ ಬದುರಾ ನಿಲ್ಲಿಸುವುದು. ಒಬ್ಬರು ಇನ್ನೊಬ್ಬರ ಪಕ್ಷವನ್ನು ಹೇಳಬೇಕು. ಎದುರಿನವರು ಹೌದು, ಇದೇ ನನ್ನ ಮಾತು ಎಂದು ತಲೆದೂಗಿದರೆ ಮಾತ್ರ ಮುಂದಿನದು.

"ಎದುರಿಗಿರೋರು ತಲೆದೂಗೋ ತಂಕ ನಿನಗ ಬಾಯಿ ತೆಗಿಯೋ ಹಕ್ಕಿಲ್ಲ ತಾಯಿ," ಎನ್ನುತ್ತಿದ್ದರು.

ಒಂದು ಸಲ ನಾನು ಇಡೀ ಪಿರಿಯಡ್ ಗೆಳತಿಯ ಪಕ್ಷ ಹೇಳುವುದರಲ್ಲೇ ಕಳೆದೆ. ಹೇಗೆ ಹೇಳಿದರೂ ಅವಳು ಅದಲ್ಲ ಎನ್ನುತ್ತಿದ್ದಳು. ಬೆಲ್ ಹೊಡೆಯಿತು. ಅಳು ಬರುವುದೊಂದು ಬಾಕಿ. ನಾಳೆ ಮುಂದುವರಿಸು ಎಂದು ಹೇಳಿ ಅವರು ಬಸ್ಸಿಗೆ ಹೊರಟರು.

ಜೆರಾಕ್ಸ್ ಪ್ರತಿಯನ್ನು ಅಂಗಡಿಯಲ್ಲೇ ಓದತೊಡಗಿದೆ. ಮಿಷನ್ ಓಡುವಾಗ ಎರಡು ಪುಟ, ಅಂಟು ಒಣಗುವಾಗ ನಾಲ್ಕು ಪುಟ. ನಿಂತೇ ಹೋಗಿದ್ದ ತಲೆ ಮತ್ತೆ ಓಡಲು ಶುರುಮಾಡಿದ ಖುಷಿಗೆ ಫೇಸ್‌ಬುಕ್ಕಿನಲ್ಲಿ ಬರೆಯೋಣ ಅನ್ನಿಸಿತು. ನನಗಿದ್ದವರು ಇನ್ನೂರು ಚಿಲ್ಲರೆ ಗೆಳೆಯರು. ಹೆಚ್ಚಿನವರು ನನ್ನ ಹತ್ತಿರ ಪ್ರಾಜೆಕ್ಟ್ ಬೈಂಡ್ ಮಾಡಿಸಿದವರು, ಉಳಿದವರು ನೆಂಟರು, ಒಂದಷ್ಟು ಕವಿಗಳು. ಪ್ರತಿ ಗುರುವಾರ ಒಂದು ಭಾಗ ಎಂದು ಗೊತ್ತುಮಾಡಿಕೊಂಡೆ. ಮೊದಲ ಭಾಗದಲ್ಲಿ ಗುರುಗಳು ಕಲಿಸಿದ ಹಾಗೆಯೇ ಪೂರ್ವಪಕ್ಷ. ಅವನು ಬದುಕಿದ್ದು ಬಂದು ಓದಿದ್ದರೆ ತಲೆದೂಗಬೇಕು, ಹಾಗೆ ಬರೆದೆ. ಒಬ್ಬ ಮನುಷ್ಯನ ಕೃತ್ಯಕ್ಕೂ ಅವನ ವಿಚಾರಕ್ಕೂ ಗಂಟು ಹಾಕಬಾರದೇಕೆ, ಕಾಲ ಕೆಟ್ಟಾಗ ಬುದ್ಧಿವಂತ ಹೇಗೆ ಬಗ್ಗುತ್ತಾನೆ, ಮೌನಕ್ಕೂ ಒಂದು ಘನತೆ ಇರಬಹುದೇ, ಎಲ್ಲವನ್ನೂ ಅವನ ಪರವಾಗಿ ಮನಸ್ಸಿಟ್ಟು ಬರೆದೆ. ಕೊನೆಗೆ, ಇದು ಅವನ ಪಕ್ಷ, ಖಂಡನೆ ಮುಂದಿನ ಗುರುವಾರ ಎಂದು ಒಂದು ಸಾಲು ಸೇರಿಸಿದೆ.

ಮುಂದಿನ ಗುರುವಾರದ ತನಕ ಕಾಯುವ ಜನ ಈಗ ಯಾವ ಊರಲ್ಲಿದ್ದಾರೋ ಗೊತ್ತಿಲ್ಲ. ಯಾರೋ ಸ್ಕ್ರೀನ್‌ಶಾಟ್ ತೆಗೆದು ಕೊನೆಯ ಸಾಲು ಕತ್ತರಿಸಿ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ನಾನು ದುಷ್ಟರ ವಕೀಲಳಾಗಿದ್ದೆ. ಬಣ್ಣ ಬಯಲಾಯಿತು ಎಂದರು ಕೆಲವರು. ಈಕೆಯ ಅಂಗಡಿಗೆ ಹೋಗುವವರು ಯೋಚಿಸಿ ಎಂದರು ಇನ್ನು ಕೆಲವರು. ಅವರಿಗಿಂತ ಭಯವಾದದ್ದು ನನ್ನನ್ನು ಹೊಗಳಿದವರನ್ನು ನೋಡಿ. ಗಟ್ಟಿ ಆಳ್ವಿಕೆ ಅಂದರೆ ಹಾಗಿರಬೇಕು, ಧೈರ್ಯವಾಗಿ ಸತ್ಯ ಬರೆದಿರಿ ಅಕ್ಕಾ, ನಿಮ್ಮ ಜೊತೆ ನಾವಿದ್ದೇವೆ ಎಂದು ಸಾಲು ಸಾಲಾಗಿ ಬಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಇಲ್ಲಿ ಕಟ್ಟುವವರೂ ಇದ್ದರು, ಗಿಣ್ಣು ಕೇಳುವವರೂ ಇದ್ದರು.

ಇದೆಲ್ಲ ಫೋನಿನೊಳಗೆ ಇದ್ದಿದ್ದರೆ ಫೋನ್ ಮುಚ್ಚಿಟ್ಟು ಸುಮ್ಮನಿರುತ್ತಿದ್ದೆ. ಅದು ಅಂಗಡಿಗೇ ಬಂತು. ತನ್ನ ಕವನ ಸಂಕಲನವನ್ನು ನನ್ನ ಹತ್ತಿರ ಟೈಪು ಮಾಡಿಸುತ್ತಿದ್ದ ನಿವೃತ್ತ ಮೇಷ್ಟ್ರು ಬಂದು, ಮುಖ ನೋಡದೆ ಹಸ್ತಪ್ರತಿ ವಾಪಸು ಇಸಿದುಕೊಂಡು ಹೋದರು. ಅರ್ಧಕ್ಕೆ ಟೈಪಾಗಿದ್ದ ಕವನದ ಕೊನೆಯ ಸಾಲು ಏನೆಂದು ಆ ವಾರ ನನಗೆ ತಿಳಿಯಲಿಲ್ಲ. ಮರುದಿನ ಗುರುತಿಲ್ಲದ ನಾಲ್ಕು ಜನ ಒಂದು ಶಾಲು, ಒಂದು ಹಾರ ಹಿಡಿದುಕೊಂಡು ಬಂದು ಸನ್ಮಾನ ಎಂದರು. ಹಲಗೆಯ ಈಚೆ ನಾನು, ಆಚೆ ಅವರು. ಓಡಿಹೋಗಲು ಹಿಂಬಾಗಿಲು ಕೂಡ ಇಲ್ಲ. ಬ್ಯಾಡ್ರಿ ಬ್ಯಾಡ್ರಿ ಅನ್ನುವಷ್ಟರಲ್ಲಿ ಮಿಷನ್ನಿನ ಮೇಲಿಂದ ಕೈಚಾಚಿ ಶಾಲು ಹೊದಿಸಿ ಫೋಟೊ ಹೊಡೆದರು. ಆ ಫೋಟೊ ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪಿಗೆ ನನಗಿಂತ ಮೊದಲೇ ಹೋಗಿ ಕೂತಿತ್ತು. ಆನೆಕೊಂಡದ ನಮ್ಮ ತವರಿನವರು ಯಾವ ಪ್ರಶಸ್ತಿ ಬಂತು ಎಂದು ಕೇಳಿದರು. ಕಾರ್ಖಾನೆಯಲ್ಲಿ ಯಾರೋ ನನ್ನ ಗಂಡನಿಗೆ, ನಿಮ್ಮ ಮಿಸೆಸ್ಸು ಯಾವ ಪಾರ್ಟಿ ಎಂದು ಕೇಳಿದರಂತೆ. ಅವರು ಮನೆಗೆ ಬಂದು ಅದೇ ಪ್ರಶ್ನೆಯನ್ನು ನನಗೆ ಕೇಳಿದರು, ತಮಾಷೆಗಲ್ಲ.

ಎರಡನೆಯ ಗುರುವಾರ ಖಂಡನೆ ಹಾಕಿದೆ. ಒಳಗಿದ್ದ ಸಿಟ್ಟನ್ನೆಲ್ಲ ಅವನ ಮೇಲೆ ಸುರಿದೆ. ಅವನು ಪತ್ರ ಬರೆದದ್ದಕ್ಕಿಂತ, ಆಮೇಲೆ ಬಾಯಿ ಬಿಡದೆ ಬದುಕಿದ್ದು ದೊಡ್ಡ ತಪ್ಪು ಎಂದು ಬರೆದೆ. ಕಿವಿಯ ಬಗ್ಗೆ ಅಷ್ಟು ಬರೆದವನಿಗೆ ಆ ಗೆಳೆಯ ಎಷ್ಟು ವರ್ಷ ಒಂದು ಮಾತಿಗಾಗಿ ಕಿವಿ ತೆರೆದುಕೊಂಡಿದ್ದ ಎಂಬುದು ಗೊತ್ತಾಗಲಿಲ್ಲವೇ ಎಂದು ಕೇಳಿದೆ. ಕ್ಷಮೆ ಕೇಳದ ಮೌನ ಅಂದರೆ ಅದೇ ಪತ್ರಕ್ಕೆ ದಿನಾ ಹೊಸದಾಗಿ ಸಹಿ ಹಾಕಿದ ಹಾಗೆ ಎಂದೂ ಬರೆದೆ. ಅಷ್ಟೇ, ಗಾಳಿ ತಿರುಗಿತು. ಶಾಲು ಹೊದಿಸಿದವರು ಬಾಯಿಗೆ ಬಂದಂತೆ ಬೈದು ಹೋದರು. ಬೈದವರು ಬಂದು ಕೈ ಮುಗಿದರು. ಮೇಷ್ಟ್ರು ಹಸ್ತಪ್ರತಿ ವಾಪಸು ತಂದು, ತಪ್ಪು ತಿಳಿದಿದ್ದೆ ತಾಯಿ ಎಂದು ಹಲಗೆಯ ಮೇಲಿಟ್ಟರು. ಆ ಸಹಿಯ ಸಾಲನ್ನು ಯಾರೋ ಮುಳುಗುವ ಸೂರ್ಯನ ಚಿತ್ರದ ಮೇಲೆ ಬರೆದು ಹಂಚಿದರು. ಅದು ಎಲ್ಲೆಲ್ಲೋ ಸುತ್ತಿ ಗುಡ್ ಮಾರ್ನಿಂಗ್ ಮೆಸೇಜಾಗಿ ನನಗೇ ವಾಪಸು ಬಂತು.

ಅಂಟಿನ ಬ್ರಷ್ ಡಬ್ಬಿಗಿಟ್ಟು ಅದನ್ನು ಮತ್ತೊಮ್ಮೆ ಓದಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳಿ ನಾನೇ, ಕಳ್ಳ ಅಂದವಳೂ ನಾನೇ.

ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಮನೆಯಲ್ಲಿ ಗಂಡು ನೋಡುತ್ತಿದ್ದರು. ನನಗೆ ಎಂ.ಎ. ಓದಬೇಕಿತ್ತು. ನಮ್ಮ ಕಾಲೇಜಿನ ಆಫೀಸಿನಲ್ಲಿ ನನ್ನ ಸೋದರಮಾವ ಸೂಪರಿಂಟೆಂಡೆಂಟ್. ಗುರುಗಳು ಆಗ ಆಡಳಿತ ಮಂಡಳಿಯ ಒಬ್ಬರ ಅಣ್ಣನ ಮಗನಿಗೆ ಹಾಜರಾತಿ ಕೊಡಲು ಒಪ್ಪಿರಲಿಲ್ಲ. ಹುಡುಗ ತರಗತಿಗೇ ಬಂದಿರಲಿಲ್ಲ, ಎಲ್ಲಿಂದ ಕೊಡುತ್ತಾರೆ? ಅವರನ್ನು ಅಲ್ಲಿಂದ ಎಬ್ಬಿಸಲು ವಿದ್ಯಾರ್ಥಿಗಳದೇ ಒಂದು ದೂರು ಬೇಕಾಗಿತ್ತು. ಮಾವ ನನ್ನನ್ನು ಕೂರಿಸಿಕೊಂಡು ಹೇಳಿದ. ನಿನ್ನ ಅಕ್ಷರ ಚೆಂದ, ಭಾಷೆ ಚೆಂದ, ನೀನೇ ಬರೆದುಕೊಡು. ಸಿಲೆಬಸ್ ಬಿಟ್ಟು ಕೆಟ್ಟ ಮನುಷ್ಯನೊಬ್ಬನ ಪುಸ್ತಕ ಓದಿಸುತ್ತಾರೆ ಅಂತ ಬರಿ. ನಿಮ್ಮಪ್ಪನ ಹತ್ತಿರ ನಾನು ಮಾತಾಡುತ್ತೇನೆ, ಮದುವೆ ಎರಡು ವರ್ಷ ಮುಂದೆ ಹಾಕೋಣ, ಎಂ.ಎ. ಮಾಡಿಕೊಂಡು ಬಾ, ಇಲ್ಲೇ ಪಾರ್ಟ್‌ಟೈಮ್ ಹಾಕಿಸುತ್ತೇನೆ. ಗುರುಗಳ ಜಾತಿ ಧರ್ಮದ ಸುದ್ದಿಯನ್ನು ಅವನು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ, ಓದುವವರು ತಾವೇ ಸೇರಿಸಿಕೊಳ್ಳುತ್ತಾರೆ ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಬರೆದೆ. ಬೇರೆ ಯಾರಾದರೂ ಬರೆದಿದ್ದರೆ ನಾಲ್ಕು ಸಾಲಿನ ಬೈಗುಳವಾಗುತ್ತಿತ್ತು, ಗುರುಗಳು ಒಂದು ಉತ್ತರ ಕೊಟ್ಟು ಬಿಡಿಸಿಕೊಳ್ಳುತ್ತಿದ್ದರು. ನಾನು ಅವರ ಶಿಷ್ಯೆ. ಎರಡು ಪುಟದ ದೂರಿನಲ್ಲಿ ಮೊದಲ ಪುಟ ಪೂರ್ತಿ ಪೂರ್ವಪಕ್ಷ. ಉಪನ್ಯಾಸಕರು ತಮ್ಮ ಸಮರ್ಥನೆಗೆ ಹೀಗೆ ಹೇಳಬಹುದು ಎಂದು, ಅವರು ಏನೇನು ಹೇಳಬಹುದಿತ್ತೋ ಎಲ್ಲವನ್ನೂ ಅವರಿಗಿಂತ ಚೆನ್ನಾಗಿ ಬರೆದೆ. ಎರಡನೆಯ ಪುಟದಲ್ಲಿ ಒಂದೊಂದಾಗಿ ಮುರಿದೆ. ಕೆಳಗೆ ಒಂಬತ್ತು ಜನರಲ್ಲಿ ಏಳು ಜನರ ಸಹಿ. ನನ್ನ ಸಹಿ ನಾಲ್ಕನೆಯದು, ಎದ್ದು ಕಾಣದ ಜಾಗ ನೋಡಿ ಹಾಕಿದ್ದೆ. ವಿಚಾರಣೆಯ ದಿನ ಗುರುಗಳು ನಿಂತುಕೊಂಡೇ ದೂರನ್ನು ಓದಿ, ನನ್ನ ಕಡೆಯ ಮಾತೆಲ್ಲ ಇದರಲ್ಲೇ ಇದೆ, ಬೇರೆ ಹೇಳುವುದಿಲ್ಲ ಎಂದು ಮೇಜಿನ ಮೇಲಿಟ್ಟರಂತೆ. ಮಾವ ಇದನ್ನು ನಗುತ್ತಾ ಹೇಳಿದ. ಬರೆದವಳು ನಾನೆಂದು ಅವರಿಗೆ ಗೊತ್ತಾಗಿರಬೇಕು ಎಂಬ ಅನುಮಾನ ನನಗೆ ಆಗಲೇ ಬಂತು.

ಅವರನ್ನು ಆನಗೋಡಿನ ಆಚೆ ಅದೇ ಮಂಡಳಿಯ ಒಂದು ಹೈಸ್ಕೂಲಿಗೆ ಸಮಾಜ ಪಾಠ ಮಾಡಲು ಹಾಕಿದರು. ಹರಿಹರದಿಂದ ಎರಡು ಬಸ್ಸು ಬದಲಿಸಿ ಕೆಲವು ತಿಂಗಳು ಓಡಾಡಿ ಬಿಟ್ಟುಬಿಟ್ಟರೆಂದು ಕೇಳಿದೆ. ಮಾವ ಮಾತಿಗೆ ತಪ್ಪಲಿಲ್ಲ. ನಾನು ಎಂ.ಎ. ಮುಗಿಸಿ ಬಂದು ಅದೇ ಕೋಣೆಯಲ್ಲಿ, ಅದೇ ಮೇಜಿನ ಮುಂದೆ ಎರಡು ವರ್ಷ ಪಾಠ ಮಾಡಿದೆ. ಓದುವವರಿಲ್ಲವೆಂದು ಆ ವಿಷಯವನ್ನೇ ಮುಚ್ಚಿದರು. ಆಮೇಲೆ ಮದುವೆ, ಆಮೇಲೆ ಮೆಟ್ಟಿಲ ಕೆಳಗಿನ ಅಂಗಡಿ. ದಾವಣಗೆರೆಗೂ ಹರಿಹರಕ್ಕೂ ಹದಿನಾಲ್ಕು ಕಿಲೋಮೀಟರ್. ಬಸ್ಸಿಗೆ ಕೈ ಅಡ್ಡ ಹಾಕಿದರೆ ಸಾಕು. ಇಪ್ಪತ್ತೇಳು ವರ್ಷ ನಾನು ಹೋಗಲಿಲ್ಲ.

ಸೂರ್ಯನ ಚಿತ್ರ ಬಂದ ಮರುದಿನ ಒಂದು ಮೆಸೇಜ್ ಬಂತು. ಬರೆದವಳು ಗುರುಗಳ ಮಗಳು. ಅಬ್ಬಾಗೆ ಈಗ ಕಣ್ಣು ಕಾಣುವುದಿಲ್ಲ, ನೀವು ಬರೆದ ಎರಡೂ ಭಾಗ ನಾನೇ ಓದಿ ಹೇಳಿದೆ ಅಕ್ಕಾ, ನನ್ನ ಸ್ಟೂಡೆಂಟ್ ಅಂತ ಎಲ್ಲರ ಹತ್ತಿರ ಹೇಳಿಕೊಳ್ಳುತ್ತಾರೆ, ಮೂರನೇ ಭಾಗ ಯಾವಾಗ ಅಂತ ದಿನಾ ಕೇಳುತ್ತಾರೆ ಎಂದು ಬರೆದಿದ್ದಳು. ಕೆಳಗೆ ಒಂದು ಹೂವಿನ ಚಿತ್ರ.

ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಮೂರನೇ ಭಾಗ ಎಲ್ಲಿ ಎಂದು ಫೇಸ್‌ಬುಕ್ಕಿನಲ್ಲಿ ಕೇಳುವವರು ನೂರು ಜನ. ಅವರಿಗೆಲ್ಲ ಏನಾದರೂ ಬರೆದು ಬಿಸಾಡಬಹುದಿತ್ತು. ಹರಿಹರದಲ್ಲಿ ಕಣ್ಣಿಲ್ಲದೆ ಕೂತು ಕಾಯುವ ಒಬ್ಬರಿಗೆ ಏನು ಬರೆಯುವುದು? ಅವರಿಗೆ ಗೊತ್ತಿದ್ದು ಕಾಯುತ್ತಿದ್ದಾರೋ, ಗೊತ್ತಿಲ್ಲದೆ ಮೆಚ್ಚುತ್ತಿದ್ದಾರೋ? ಗೊತ್ತಿಲ್ಲದೆ ಮೆಚ್ಚುತ್ತಿದ್ದರೆ ಅದು ಇನ್ನೂ ಕೆಟ್ಟದ್ದು.

ಆ ಗುರುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಹರಿಹರದ ಬಸ್ಸು ಹತ್ತಿದೆ. ಬರುವುದು ಯಾವಾಗೆಂದು ಹೇಳದೆ ಮಗಳಿಂದ ಕೇಳಿಟ್ಟುಕೊಂಡಿದ್ದ ಗುರುತಿನ ಮೇಲೆ ಓಣಿ ಸಿಕ್ಕಿತು, ಮನೆಯೂ ಕಂಡಿತು. ಬಾಗಿಲಲ್ಲಿ ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು. ನನ್ನನ್ನು ನೋಡಿ ಯಾರ ಮನೆ ಬೇಕಾಗಿತ್ರಿ ಎಂದಳು. ಹೊಳೆ ಕಡೆ ದಾರಿ ಯಾವುದು ಎಂದು ಕೇಳಿದೆ. ಹೊಳೆಗೆ ದಾರಿ ಕೇಳುವವರು ಹರಿಹರದಲ್ಲಿ ಉಂಟೇ? ಆಕೆ ಪಾಪ, ನಗದೆ ಕೈ ತೋರಿಸಿದಳು. ನಾನು ಹೊಳೆಯ ತನಕ ಹೋಗಿ, ಸೇತುವೆಯ ಮೇಲೆ ಲಾರಿಗಳು ಹೋಗುವುದನ್ನು ನೋಡಿ, ಬೇರೆ ರಸ್ತೆಯಿಂದ ಬಸ್ ನಿಲ್ದಾಣಕ್ಕೆ ಬಂದು ವಾಪಸು ಬಸ್ಸು ಹತ್ತಿದೆ. ನನ್ನಷ್ಟು ಹೇಡಿಯನ್ನು ನಾನು ನೋಡಿಲ್ಲ.

ಮನೆಗೆ ಬಂದವಳೇ ಫೋನಿನಲ್ಲಿ ಮೂರನೇ ಭಾಗ ಬರೆದೆ. ಎಲ್ಲವನ್ನೂ ಬರೆದೆ. ಮಾವ, ದೂರು, ಎರಡು ಪುಟ, ನಾಲ್ಕನೆಯ ಸಹಿ. ಬರೆದ ಮೇಲೆ ಹಗುರಾಯಿತು, ನಿಜ. ಆದರೆ ಕೆಳಗೆ ಬರುವ ಮಾತುಗಳೂ ನನಗೆ ಆಗಲೇ ಕಾಣತೊಡಗಿದವು. ಎಂಥ ಪ್ರಾಮಾಣಿಕತೆ, ಕಣ್ಣೀರು ಬಂತು ಮೇಡಂ, ನಿಮ್ಮಂಥವರು ಬೇಕು. ಅರ್ಧ ಗಂಟೆಯಲ್ಲಿ ಊರು ನನ್ನನ್ನು ಕ್ಷಮಿಸಿ, ಇನ್ನೊಂದು ಸೂರ್ಯನ ಚಿತ್ರ ಮಾಡಿ ಹಂಚುತ್ತಿತ್ತು. ಅಷ್ಟು ಹೊತ್ತಿಗೆ ಹರಿಹರದಲ್ಲಿ ಮಗಳು ಅಪ್ಪನಿಗೆ ಅದನ್ನು ಓದಿ ಹೇಳುತ್ತಿರುತ್ತಾಳೆ.

ಫೋನನ್ನು ಗಂಡನ ಕೈಗೆ ಕೊಟ್ಟೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಈ ವಿಷಯ ಅವರಿಗೆ ಗೊತ್ತಾದದ್ದು ಅವತ್ತೇ. ಓದಿ ಫೋನನ್ನು ನನ್ನ ಕೈಗೇ ವಾಪಸು ಕೊಟ್ಟರು.

"ಅವರಿಗೆ ಹೇಳಬೇಕಾದ್ದನ್ನ ಊರಿಗ್ಯಾಕ ಹೇಳ್ತಿ? ಊರು ಕ್ಷಮಿಸಿಬಿಟ್ಟರೆ ಮುಗೀತಾ?" ಎಂದರು.

ಪಾರ್ಟಿ ಯಾವುದು ಎಂದು ಕೇಳಿದಾಗ ಅವರ ಮೇಲೆ ಬಂದಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಬರೆದದ್ದನ್ನು ಅಳಿಸಿದೆ.

ಮುಂದಿನ ಗುರುವಾರ ಹೇಳಿಯೇ ಹೋದೆ. ಬಾಗಿಲು ತೆಗೆದವಳು ಅದೇ ಬಟ್ಟೆ ಒಣಹಾಕುತ್ತಿದ್ದ ಹೆಂಗಸು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಒಂದು ನರ್ಸರಿ ಶಾಲೆಯಲ್ಲಿ ಟೀಚರ್. ಹೊಳೆಗೆ ದಾರಿ ಕೇಳಿದವಳು ನಾನೇ ಎಂದು ಗುರುತು ಹಿಡಿದಳು, ಆದರೆ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಬರ್ರಿ ಅಕ್ಕಾ, ಕೂಡ್ರಿ ಎಂದು ಕುರ್ಚಿ ಒರೆಸಿದಳು. ಗುರುಗಳು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ತುಂಬಾ ಸಣ್ಣಗಾಗಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ನಾನು ಬರುವುದಕ್ಕಾಗಿ ಹಾಕಿಕೊಂಡದ್ದು ಎಂದು ಮಗಳು ಹೇಳಿದಳು. ಕಾಲು ಮುಟ್ಟಿದೆ. ತಲೆಯ ಮೇಲೆ ಕೈಯಿಟ್ಟು, ಮೂರನೇ ಭಾಗ ತಂದಿಯೇನು, ಓದು ಎಂದರು. ಮಗಳು ಚಹಾ ಮಾಡಲು ಒಳಗೆ ಹೋದಳು. ಆ ಮನೆಯಲ್ಲಿ ಒಳಗೆ ಅಂದರೆ ಒಂದು ಪರದೆಯ ಆಚೆ.

ಬರೆದಿಲ್ಲ ಎಂದೆ. ಆಮೇಲೆ ಹೇಗೆ ಶುರು ಮಾಡಬೇಕೆಂದು ವಾರವಿಡೀ ಯೋಚಿಸಿಟ್ಟಿದ್ದ ಮಾತುಗಳೆಲ್ಲ ಹೋಗಿ ಒಂದೇ ಉಳಿಯಿತು.

"ಸರ್, ಆ ದೂರು ಬರೆದಾಕಿ ನಾನು."

ಗುರುಗಳು ಮುಖವನ್ನು ನನ್ನ ಕಡೆ ತಿರುಗಿಸಿದರು. ಸಿಟ್ಟಿರಲಿಲ್ಲ. ತರಗತಿಯಲ್ಲಿ ತಡವಾಗಿ ಸರಿ ಉತ್ತರ ಹೇಳಿದವರನ್ನು ನೋಡುತ್ತಿದ್ದ ಹಾಗೆ ಇತ್ತು.

"ಮೊದಲನೇ ಪುಟ ಓದಿದ ಕೂಡ್ಲೇ ಗೊತ್ತಾತು ತಾಯಿ. ನನ್ನ ಪಕ್ಷ ನಾನೇ ಹೇಳಿದ್ರೂ ಅಷ್ಟು ಚೆಂದ ಬರ್ತಿರಲಿಲ್ಲ. ನಾನು ತಲೆದೂಗಿಬಿಟ್ಟೆ. ತಲೆದೂಗಿದ ಮ್ಯಾಲೆ ನಿನಗ ಖಂಡಿಸೋ ಹಕ್ಕು ಬಂತಲ್ಲ."

ನಾನು ಅತ್ತೆ. ಕ್ಷಮಿಸಿ ಸರ್ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಕೈ ಎತ್ತಿ ತಡೆದರು. ಪರದೆಯ ಕಡೆ ಕೈ ತೋರಿಸಿ, ನನಗೆ ಗೊತ್ತಿತ್ತು, ಆಕೆಗೆ ಗೊತ್ತಿರಲಿಲ್ಲ ಎಂದರು.

ಒಳಗೆ ಚಹಾ ಉಕ್ಕಿ ಒಲೆಯ ಮೇಲೆ ಬಿದ್ದ ಸದ್ದಾಯಿತು. ಬರ್ನರ್ ಆರಿಸಿದ್ದು ಸ್ವಲ್ಪ ಹೊತ್ತಿನ ಮೇಲೆ. ಮಗಳು ಬಂದಾಗ ಕೈಯಲ್ಲಿ ಒಂದೇ ಲೋಟವಿತ್ತು. ಅದನ್ನು ಅಪ್ಪನ ಕೈಗೆ ಕೊಟ್ಟಳು. ಮೂಲೆಯ ಟ್ರಂಕ್ ತೆಗೆದು, ತಳದಿಂದ ಒಂದು ರಟ್ಟಿನ ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟಳು. ಪಿಯುಸಿಯ ಬಯಾಲಜಿ ರೆಕಾರ್ಡ್. ಅಪ್ಪ ಕೆಲಸ ಬಿಟ್ಟ ವರ್ಷ ಈಕೆ ದಾವಣಗೆರೆಯಲ್ಲಿ ಪಿಯುಸಿ ಓದುತ್ತಿದ್ದಳಂತೆ. ಅಮ್ಮನಿಗೆ ಕಾಯಿಲೆ, ಅಪ್ಪ ಮನೆಯಲ್ಲಿ ಮಾತೇ ಆಡದೆ ಕೂತುಬಿಟ್ಟಿದ್ದರು. ಇವಳ ಓದು ಅಲ್ಲಿಗೇ ನಿಂತಿತು. ಪುಟ ತಿರುವಿದೆ. ಎಲೆ, ಬೇರು, ಕಪ್ಪೆಯ ಹೃದಯ, ಎಲ್ಲ ಪೆನ್ಸಿಲಿನಲ್ಲಿ ಅಚ್ಚುಕಟ್ಟಾಗಿ ಬರೆದದ್ದು. ಅರ್ಧದ ತನಕ ಪ್ರತಿ ಪುಟದಲ್ಲೂ ಲೆಕ್ಚರರ್ ಸಹಿ ಇತ್ತು. ಆಮೇಲಿನ ಪುಟಗಳಲ್ಲಿ ಚಿತ್ರ ಇತ್ತು, ಸಹಿ ಇರಲಿಲ್ಲ. ಕಾಲೇಜು ಬಿಟ್ಟ ಮೇಲೂ ಮನೆಯಲ್ಲಿ ಕೂತು ಬರೆದು ಮುಗಿಸಿದ್ದಾಳೆ.

ಇಂಥ ರೆಕಾರ್ಡುಗಳನ್ನು ನಾನು ವರ್ಷಕ್ಕೆ ನೂರಾರು ಬೈಂಡ್ ಮಾಡುತ್ತೇನೆ. ಒಂದನ್ನಾದರೂ ಹೀಗೆ ಹಿಡಿದುಕೊಂಡದ್ದಿಲ್ಲ. ನಿನ್ನ ಹತ್ತಿರ ಹೇಗೆ ಕೇಳಲಿ ತಂಗಿ, ತಪ್ಪಾಯಿತು ಎಂದೆ.

"ಈಗ್ಲೇ ಬ್ಯಾಡ್ರಿ," ಅಂದಳು. ಅಕ್ಕಾ ಎನ್ನಲಿಲ್ಲ. "ಅಬ್ಬಾನ ಪಕ್ಷ ಆವಾಗ್ಲೇ ಬರೆದೀರಿ. ಆ ಹೊರದೇಶದಾತನ ಪಕ್ಷನೂ ಬರೆದೀರಿ, ನಾನೇ ಓದೇನಿ, ಭಾಳ ಚೆಂದ ಐತೆ. ನನ್ನ ಪಕ್ಷ ಬರೀರಿ. ನಾನು ಹೌದು ಅಂದ ಮ್ಯಾಲೆ ತಪ್ಪಾಯ್ತು ಅನ್ರಿ."

ಗುರುಗಳು ಚಹಾ ಕುಡಿಯುತ್ತಿದ್ದರು. ಮಗಳ ಮಾತಿಗೆ ತಲೆದೂಗಿದರು.

ಅಂದಿನಿಂದ ಗುರುವಾರ ಮಧ್ಯಾಹ್ನ ನನ್ನ ಅಂಗಡಿ ಮುಚ್ಚಿರುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಆಕೆಯ ಪಕ್ಷ ಬರೆದುಕೊಂಡು ಹರಿಹರಕ್ಕೆ ಹೋಗುತ್ತೇನೆ, ಓದಿ ಹೇಳುತ್ತೇನೆ. ಆಕೆ ಮಕ್ಕಳ ಕಾಪಿ ತಿದ್ದುತ್ತಾ ಕೇಳುತ್ತಾಳೆ. ಮೊದಲನೆಯ ಸಲ ನಾನು ಕಾಲೇಜು ಬಿಟ್ಟ ದಿನ ಆಕೆ ಅತ್ತಳು ಎಂದು ಬರೆದಿದ್ದೆ. ಅಳಲಿಲ್ಲ, ಅವತ್ತು ಸಂತೆಗೆ ಹೋಗಿ ಈರುಳ್ಳಿ ತಂದೆ ಎಂದಳು. ಇನ್ನೊಂದು ಸಲ ಆಕೆಯ ಕನಸು ಮುರಿಯಿತು ಎಂದು ಬರೆದೆ. ಯಾವ ಕನಸು ಎಂದು ಕೇಳಿದಳು, ನನಗೆ ಗೊತ್ತಿರಲಿಲ್ಲ. ಡಾಕ್ಟರ್ ಆಗುವ ಕನಸು ಎಂದುಕೊಂಡಿದ್ದೆ. ಹಾಗೇನಿಲ್ಲ, ಬೆಳಿಗ್ಗೆ ದಾವಣಗೆರೆಯ ಬಸ್ಸಿನಲ್ಲಿ ಅಪ್ಪನ ಪಕ್ಕ ಕೂತು ಹೋಗುವುದು ಇಷ್ಟವಿತ್ತು, ಅಷ್ಟೇ ಎಂದಳು. ನಾನು ಮನೆಗೆ ಬಂದು ಮತ್ತೆ ಮೊದಲಿನಿಂದ ಬರೆಯುತ್ತೇನೆ. ಚೆಂದದ ಮಾತು ಬಂದ ಕಡೆಯೆಲ್ಲ ಆಕೆ ತಡೆಯುತ್ತಾಳೆ, ಆಕೆ ತಡೆಯುವುದು ಸರಿಯಾಗಿಯೇ ಇರುತ್ತದೆ. ಗುರುಗಳು ಕೆಲವು ಸಲ ಎಚ್ಚರವಾಗಿ ಕೇಳುತ್ತಾರೆ, ಕೆಲವು ಸಲ ನಿದ್ದೆ ಹೋಗುತ್ತಾರೆ. ಕಾಲು ಮುಟ್ಟಿದಾಗ ತಲೆಯ ಮೇಲಿಡುವ ಅವರ ಕೈ ವಾರದಿಂದ ವಾರಕ್ಕೆ ಹಗುರಾಗುತ್ತಿದೆ. ಅವರಿರುವಾಗಲೇ ಮುಗಿಯಬೇಕು ಎಂಬ ಅವಸರ ನನಗಿದೆ, ಆಕೆಗಿಲ್ಲ.

ಫೇಸ್‌ಬುಕ್ಕಿನಲ್ಲಿ ಇನ್ನೂ ಕೆಲವರು ಕೇಳುತ್ತಾರೆ. ಎರಡು ಭಾಗ ಬರೆದು ಸುಮ್ಮನಾದಿರಲ್ಲ, ಹೆದರಿದಿರಾ ಎಂದು ಒಂದು ಕಡೆಯವರು, ಬಾಯಿ ಮುಚ್ಚಿಸಿದರಾ ಎಂದು ಇನ್ನೊಂದು ಕಡೆಯವರು. ಮೊನ್ನೆ ಒಬ್ಬಾತ ನನ್ನದೇ ಸಾಲಿನ ಆ ಸೂರ್ಯನ ಚಿತ್ರ ತಂದು ನನ್ನ ಗೋಡೆಗೆ ಅಂಟಿಸಿ, ಇದು ನಿಮಗೂ ಅನ್ವಯಿಸುತ್ತದೆ ಮೇಡಂ ಎಂದು ಬರೆದಿದ್ದ. ಏನೂ ತಿಳಿಯದೆ ಬರೆದವನು, ಆದರೂ ಸರಿಯಾಗಿಯೇ ಬರೆದಿದ್ದ. ಅದನ್ನು ಅಳಿಸದೆ ಹಾಗೇ ಬಿಟ್ಟಿದ್ದೇನೆ.

ಹೋದ ಗುರುವಾರ, ಎಷ್ಟನೆಯ ಸಲವೋ ಲೆಕ್ಕ ತಪ್ಪಿದೆ, ಮತ್ತೆ ಓದಿದೆ. ಈ ಸಲ ಆಕೆ ಎಲ್ಲಿಯೂ ತಡೆಯಲಿಲ್ಲ. ಕೆಂಪು ಪೆನ್ನು ಕೆಳಗಿಟ್ಟು ಕೊನೆಯ ತನಕ ಕೇಳಿದಳು. ನಾನು ನೋಟ್‌ಬುಕ್ ಮುಚ್ಚಿ ಆಕೆಯ ತಲೆಯನ್ನೇ ನೋಡುತ್ತಾ ಕೂತೆ. ಹೊರಗೆ ಶಾಲೆ ಬಿಟ್ಟ ಮಕ್ಕಳು ಓಡಿಹೋದರು. ಗುರುಗಳು ನಿದ್ದೆ ಮಾಡುತ್ತಿದ್ದರು.

ಆಕೆ ತಲೆದೂಗಲಿಲ್ಲ, ಅದಲ್ಲ ಎಂದೂ ಅನ್ನಲಿಲ್ಲ. ಎದ್ದು ಒಳಗೆ ಹೋಗಿ ಚಹಾ ತಂದಳು, ಅವತ್ತು ನನಗೂ ಒಂದು ಲೋಟವಿತ್ತು. ಮುಂದಿನ ವಾರ ಬರ್ರಿ ಎಂದಳು.